ಎರಡು ತಂಬಿಗೆ ನೀರು

ಐದನೆಯ ಹೋಳಿಗೆ ಬರುವುದನ್ನು ಕಂಡು ಬಸಯ್ಯ ತಾಟಿನ ಮೇಲೆ ಕೈ ಅಡ್ಡ ಹಿಡಿದ. ನೀಲವ್ವ ಅಷ್ಟಕ್ಕೆಲ್ಲ ಹಿಂಜರಿಯುವ ಹೆಂಗಸಲ್ಲ. ಹೋಳಿಗೆಯನ್ನು ಅವನ ಕೈಯ ಮೇಲೆಯೇ ಇಟ್ಟು ಅದರ ಮೇಲೆ ಬಿಸಿ ತುಪ್ಪ ಸುರಿದಳು. ಕೈ ತಾನಾಗಿ ಸರಿಯಿತು.

"ಯವ್ವಾ, ಇದು ಇವತ್ತಿನ ಮೂರನೇ ಮನಿ. ನನಗಿರೂದು ಒಂದ ಹೊಟ್ಟಿ," ಎಂದ ಬಸಯ್ಯ.

"ಶ್ರಾವಣ ವರ್ಷಕ್ಕೊಮ್ಮಿ ಬರ್ತೈತ್ರಿ ಅಯ್ಯಾರ. ಹೊಟ್ಟಿ ದಿನಾ ಇರ್ತೈತಿ," ಎಂದು ನೀಲವ್ವ ಒಳಗಿದ್ದ ಸೊಸೆಗೆ ಕೂಗಿದಳು. "ಸುರೇಖಾ, ಹಾಲು ತಾರವ್ವಾ!"

ಕಮತಗಿಯ ಆ ಓಣಿಯಲ್ಲಿ ಶ್ರಾವಣದ ಸೋಮವಾರ ಅಯ್ಯನವರು ಉಣ್ಣದೆ ಮನೆಯವರು ಉಣ್ಣುವುದಿಲ್ಲ. ಅಯ್ಯನವರಿಗೂ ಒಂದು ಕಟ್ಟುಪಾಡಿದೆ. ತಾಟಿಗೆ ಬಿದ್ದದ್ದು ಪ್ರಸಾದ. ಒಂದು ಅಗುಳನ್ನೂ ಬಿಡುವಂತಿಲ್ಲ. ಕೊನೆಗೆ ತಾಟು ತೊಳೆದ ನೀರನ್ನೂ ಕುಡಿದೇ ಏಳಬೇಕು. ಜಂಗಮರಾದ ಬಸಯ್ಯನ ಮನೆತನಕ್ಕೆ ಇದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಕೆಲಸ. "ಎಲ್ಲಾರೂ ಹೊಟ್ಟಿಗಾಗಿ ದುಡೀತಾರ, ನಮ್ಮವರು ಹೊಟ್ಟೀಲೇ ದುಡೀತಾರ" ಎಂದು ಅವನ ಹೆಂಡತಿ ಇಂದ್ರಾಬಾಯಿ ನಗುವುದುಂಟು. ಐವತ್ತನಾಲ್ಕರ ಬಸಯ್ಯನ ಹೊಟ್ಟೆಯನ್ನು ನೋಡಿದರೆ ಅವನು ಒಂದು ದಿನವೂ ಕೆಲಸ ತಪ್ಪಿಸಿಲ್ಲ ಎಂಬುದು ಗೊತ್ತಾಗುತ್ತಿತ್ತು.

ಊಟಕ್ಕೆ ಮುಂಚೆ ಹಿತ್ತಾಳೆಯ ಪರಾತದಲ್ಲಿ ಅವನ ಪಾದ ತೊಳೆಯುವಾಗ ನೀಲವ್ವ ಅಕ್ಕರೆಯಿಂದ ಒಂದು ಮಾತು ಹೇಳಿದ್ದಳು. "ಎಷ್ಟ ಮೆತ್ತಗ ಅದಾವ್ರಿ ನಿಮ್ಮ ಪಾದ, ಬೆಣ್ಣಿ ಹಂಗ! ಅರ್ಧ ತಂಬಗಿ ನೀರು ಸಾಕಾತು ನೋಡ್ರಿ. ನಿಮ್ಮಪ್ಪಾರ ಪಾದಕ್ಕ ಎರಡ ತಂಬಗಿ ಬೇಕಾಗತಿತ್ತು." ಬಸಯ್ಯ ಅದನ್ನು ಹೊಗಳಿಕೆ ಎಂದೇ ತಿಳಿದ. ಬಾಗಿಲಲ್ಲಿ ಅಂಗಡಿ ಶಂಕರಲಿಂಗನ ಕಾರು ಆಗಲೇ ಹಾರ್ನ್ ಹೊಡೆಯುತ್ತಿತ್ತು. ನಾಲ್ಕನೆಯ ಮನೆ ಅವನದೇ. ಮೂರು ಓಣಿ ಆಚೆ.

ಮರುದಿನ ಬಸ್ ಸ್ಟ್ಯಾಂಡಿನ ಹತ್ತಿರ ದವಾಖಾನೆಯವರು ಮೇಜು ಹಾಕಿಕೊಂಡು ಮೂವತ್ತು ದಾಟಿದ ಎಲ್ಲರ ಬೆರಳು ಚುಚ್ಚುತ್ತಿದ್ದರು. ನರ್ಸ್ ಜೋಹರಾ ಇದೇ ಊರಿನವಳು, ಯಾರಿಗೂ ಅಂಜುವವಳಲ್ಲ. ದಾಟಿ ಹೋಗುತ್ತಿದ್ದ ಬಸಯ್ಯನನ್ನು ಕರೆದು ಕೂರಿಸಿ ಚುಚ್ಚಿದಳು. ಹುಬ್ಬೇರಿಸಿದಳು. ಮೊಳಕೈಯಿಂದ ಒಂದಿಷ್ಟು ರಕ್ತವನ್ನೂ ತೆಗೆದು, ನಾಲ್ಕು ದಿನ ಬಿಟ್ಟು ಬರಲು ಹೇಳಿದಳು.

"ಮೂರು ತಿಂಗಳದ ಸರಾಸರಿ ಆರು ಪಾಯಿಂಟ್ ಮೂರು ಬಂದೈತ್ರಿ ಅಯ್ಯಾರ," ಎಂದಳು ನಾಲ್ಕು ದಿನದ ಮೇಲೆ. "ಆರೂವರಿ ಆದ್ರ ಸಕ್ಕರಿ ಬ್ಯಾನಿ. ಇನ್ನೂ ಒಳಗ ಬಂದಿಲ್ಲ. ಬಾಗಲಾಗ ಚಪ್ಪಲಿ ಕಳಕೋಂತ ನಿಂತೈತಿ."

"ಒಳಗ ಬರ್ತೈತೇನು, ತಂಗಿ?"

"ನೀವು ಕರದ್ರ ಬರ್ತೈತಿ. ಸಿಹಿ ಕಡಿಮಿ ಮಾಡ್ರಿ, ದಿನಾ ನಡೀರಿ. ಕಾರ್ತೀಕದಾಗ ಮತ್ತ ನೋಡೂಣು. ಹಿಂದಕ್ಕ ಸರಿದಿದ್ರ ಛಲೋ ಆತು. ಇಲ್ಲಾಂದ್ರ ಡಾಕ್ಟರ್ ಗುಳಿಗಿ ಚಾಲೂ ಮಾಡ್ತಾರ."

ಗುಳಿಗೆಗೆ ಬಸಯ್ಯ ಹೆದರಲಿಲ್ಲ. ಅವನು ಹೆದರಿದ್ದು ಹುನಗುಂದದಲ್ಲಿದ್ದ ಅಣ್ಣ ಸಂಗಯ್ಯನನ್ನು ನೆನೆದು. ಅಣ್ಣನದೂ ಇದೇ ಕೆಲಸ. ಸಕ್ಕರೆ ಬೇನೆಯನ್ನು ಹತ್ತು ವರ್ಷ ಕೇರ್ ಮಾಡದೆ, ಹೋದ ವರ್ಷ ಬಲಗಾಲಿನ ಎರಡು ಬೆರಳು ತೆಗೆಸಿಕೊಂಡಿದ್ದ. ಈಗ ಕುರ್ಚಿಯಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತಾನೆ. ಭಕ್ತರು ಬರುತ್ತಾರೆ, ದೂರದಿಂದ ಕೈ ಮುಗಿಯುತ್ತಾರೆ. "ತಮ್ಮಾ, ಎಲ್ಲಾರೂ ಕೈ ಮುಗೀತಾರ. ಪಾದ ಮಾತ್ರ ಯಾರೂ ಕೇಳೂದಿಲ್ಲ" ಎಂದು ಅಣ್ಣ ಒಮ್ಮೆ ನಗುತ್ತಲೇ ಹೇಳಿದ್ದ. ಆ ನಗೆ ಬಸಯ್ಯನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಆವತ್ತು ಮನೆಗೆ ಬಂದವನು ಪಡಸಾಲೆಯಲ್ಲಿ ಕೂತು ತನ್ನ ಹತ್ತೂ ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ.

ಆದರೆ ಭಕ್ತರಿಗೆ ಹೇಳುವುದು ಹೇಗೆ? 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಮನೆಮನೆಯಲ್ಲೂ ಬುದ್ಧಿ ಹೇಳಿ ಬಂದ ಬಾಯಿ ಅದು. ಬಿಸಿ ತುಪ್ಪ ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ. ಎರಡನೆಯ ಸೋಮವಾರ ಬಂದಾಗ ಬಸಯ್ಯ ಒಂದು ಉಪಾಯ ಹೂಡಿದ.

"ಈ ಶ್ರಾವಣ ವ್ರತ ಹಿಡದೇನಿ. ಊಟ ಮಾಡಂಗಿಲ್ಲ," ಎಂದುಬಿಟ್ಟ. ಯಾವ ವ್ರತ ಎಂದು ಬಿಡಿಸಿ ಹೇಳಲಿಲ್ಲ.

ಓಣಿಗೆ ಓಣಿಯೇ ಪುಳಕಗೊಂಡಿತು. ವ್ರತ ಹಿಡಿದ ಅಯ್ಯನವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಮನೆಗೆ ಒಳ್ಳೆಯದಾದೀತೆ? ಊಟ ಇಲ್ಲವೆಂದರೆ ಫಳಾರ ಇದ್ದೇ ಇದೆ. ನೀಲವ್ವ ಒಂದು ಚಿಪ್ಪು ಬಾಳೆಹಣ್ಣು, ಸಾಬೂದಾಣಿ ಉಸಳಿ, ಒಂದು ಚರಿಗೆ ಕೇಸರಿ ಹಾಲು ತಂದಿಟ್ಟಳು. ಶಂಕರಲಿಂಗ ತನ್ನ ಅಂಗಡಿಯ ಖರ್ಜೂರದ ಪೆಟ್ಟಿಗೆಯನ್ನೇ ಒಡೆದ. ಇನ್ನೊಬ್ಬರು ಅಮೀನಗಡದಿಂದ ಕರದಂಟು ತರಿಸಿ, "ಬೆಲ್ಲ ಐತಿ ಖರೆ, ಆದ್ರ ಇದೇನ್ ಅನ್ನ ಅಲ್ಲಲ್ರಿ, ವ್ರತಕ್ಕ ನಡೀತೈತಿ" ಎಂದರು. ಬಸಯ್ಯ ಒಂದೊಂದನ್ನೂ ನೋಡಿ ಒಳಗೊಳಗೇ ನಿಟ್ಟುಸಿರಿಟ್ಟ. ನೀಡಿದ್ದನ್ನು ಬಿಡುವಂತಿಲ್ಲವಲ್ಲ! ಹೋಳಿಗೆಯ ದಿನ ಸೋಮವಾರವೊಂದೇ ಆಗಿತ್ತು. ವ್ರತದ ಸುದ್ದಿ ಹಬ್ಬಿ ಈಗ ವಾರವಿಡೀ ಮನೆಗೇ ಫಳಾರ ಬರತೊಡಗಿತು.

ಹದಿನೈದು ದಿನ ಬಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜೋಹರಾ ಮತ್ತೆ ಬೆರಳು ಚುಚ್ಚಿದಳು. ಮೊದಲ ದಿನ ಚುಚ್ಚಿದಾಗಿನ ಅಂಕಿಗಿಂತ ಇಳಿಯುವುದಿರಲಿ, ಏರಿತ್ತು.

"ಏನ್ ತಿಂದ್ರಿ?"

ಬಸಯ್ಯ ಹೇಳುತ್ತ ಹೋದ. ಜೋಹರಾ ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ಯಾವ ವೈರಿ ಹೇಳಿಕೊಟ್ಟ ವ್ರತಾ ರೀ ಇದು? ಇದಕ್ಕಿಂತ ಹೋಳಿಗೀನ ಛಲೋ ಇತ್ತು."

"ನಮ್ಮಪ್ಪಾರೂ ಇದನ್ನ ಎಲ್ಲಾ ತಿಂದವರು, ತಂಗಿ. ಎಂಬತ್ತೆಂಟು ವರ್ಷ ಬದುಕಿದ್ರು. ಒಂದ ಸೂಜಿ ಕಂಡವರಲ್ಲ."

"ದಿನಾ ತಿಂತಿದ್ರೇನು?"

"ಛೇ, ದಿನಾ ಎಲ್ಲೀದು? ಹಬ್ಬ ಹುಣ್ಣಿಮಿಗೆ. ಉಳದ ದಿನ ಜೋಳಿಗಿ ಹಿಡದು ಹೊಂಟ್ರ ಮಂದಿ ಮನ್ಯಾಗ ಏನ್ ಇರ್ತೈತಿ ಅದು. ಖಟಕ ರೊಟ್ಟಿ, ಕಾಳಪಲ್ಯ. ಬೇವೂರಿಗೆ ನಡಕೋಂತ ಹೋಗಿ ನಡಕೋಂತ ಬರ್ತಿದ್ರು..." ಎನ್ನುತ್ತಿದ್ದ ಬಸಯ್ಯ ತನ್ನ ಮೆತ್ತನೆಯ ಪಾದಗಳತ್ತ ನೋಡಿಕೊಂಡ.

ಜೋಹರಾ ಹೆಗಲ ಮೇಲೆ ಸೆರಗು ಏರಿಸಿಕೊಂಡು, "ಮುಂದಿನವರು ಬರ್ರಿ" ಎಂದಳು.

ಮನೆಯಲ್ಲಿ ದೇವರ ಕೋಣೆಯ ಗೂಟಕ್ಕೆ ಅಪ್ಪನ ಕಾವಿ ಜೋಳಿಗೆ, ಕಾಲಿಗೆ ಕಟ್ಟುವ ಗಂಟೆಗಳ ಜಂಗು ಹಾಗೆಯೇ ತೂಗುತ್ತಿದ್ದವು. ವರ್ಷಕ್ಕೊಮ್ಮೆ ಪೂಜೆ ಮಾಡಿ ಮತ್ತೆ ತೂಗುಹಾಕುವುದಷ್ಟೇ. ಬಸಯ್ಯ ಅವನ್ನು ಇಳಿಸಿ ಧೂಳು ಕೊಡವುವುದನ್ನು ಕಂಡು ಇಂದ್ರಾಬಾಯಿ ಹೊಸ್ತಿಲಲ್ಲೇ ನಿಂತಳು.

"ಏನ್ ನಡಸೀರಿ ಇದು? ಮನ್ಯಾಗ ಎರಡ ಚೀಲ ಜ್ವಾಳ ಐತಿ. ಭಿಕ್ಷಾ ಬೇಡಾಕ ಹೊಂಟ್ರ ಮಂದಿ ಏನಂದಾರು? ಹೆಂಡ್ತಿ ಊಟಾ ಹಾಕವಲ್ಲಳು ಅಂತಾರ!"

"ಅನ್ನಲಿ. ಅಣ್ಣನ ಕಾಲು ನೋಡೀಯಿಲ್ಲೋ?"

ಇಂದ್ರಾಬಾಯಿ ಅವನ ಕಾಲುಗಳನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಜೋಳಿಗೆಯ ಹರಿದ ಅಂಚಿಗೆ ಹೊಲಿಗೆ ಹಾಕಿ ತಂದುಕೊಟ್ಟಳು. "ಚಪ್ಪಲಿ ಹಾಕ್ಕೊಂಡ ಹೋಗ್ರಿ. ಕಾಲಿಗೆ ಒಂದ ಮುಳ್ಳ ಸೈತ ಹತ್ತಬಾರದು," ಎಂದಳು.

ಮರುದಿನ ಬೆಳಿಗ್ಗೆ ನೀಲವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ಓಣಿಯಲ್ಲಿ ಜಂಗಿನ ಸದ್ದು ಕೇಳಿತು. ಅವಳ ಕೈ ಹಿಟ್ಟಿನ ಮೇಲೆಯೇ ನಿಂತಿತು. ಆ ಸದ್ದು ಕೇಳಿ ಇಪ್ಪತ್ತು ವರ್ಷವಾಗಿತ್ತು. ಹಿಟ್ಟಿನ ಕೈಯಲ್ಲೇ ಓಡಿಬಂದು ನೋಡಿದರೆ ಬಾಗಿಲಲ್ಲಿ ಬಸಯ್ಯ, ಹೆಗಲಿಗೆ ಜೋಳಿಗೆ, ಹಣೆಯ ಮೇಲೆ ಬೆವರು.

"ಅಯ್ಯ ನನ್ನ ಶಿವನ! ಹೇಳದ ಕೇಳದ ಬಂದ್ರಲ್ರೀ! ಮನ್ಯಾಗ ಬರೇ ರೊಟ್ಟಿ ಅದಾವ, ಮಡಿಕಿಕಾಳ ಪಲ್ಯ. ಒಂದ ಹುಗ್ಗಿ ಸೈತ ಇಲ್ಲ..."

"ಅದನ್ನ ಬೇಡಾಕ ಬಂದೇನಿ, ಯವ್ವಾ."

"ವ್ರತ?"

ಬಸಯ್ಯ ಕಟ್ಟೆಯ ಮೇಲೆ ಕೂತ. ಸುಳ್ಳನ್ನು ಇನ್ನೂ ಹೊತ್ತು ತಿರುಗುವ ಶಕ್ತಿ ಅವನಿಗಿರಲಿಲ್ಲ. "ವ್ರತ ಸುಳ್ಳು. ಸಕ್ಕರಿ ಬ್ಯಾನಿ ಬಾಗಲತನಾ ಬಂದೈತಿ. ನಿಮಗ ಹೇಳಾಕ ನಾಚಿಕಿ ಬಂತು. ತಪ್ಪಾತು," ಎಂದ. ನೀಲವ್ವ ನೊಂದುಕೊಂಡಾಳು, 'ನನ್ನ ಹೋಳಿಗೆಯಿಂದಲೇ ಹೀಗಾಯಿತೆ' ಎಂದು ಅತ್ತಾಳು ಎಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ನೀಲವ್ವ ಸುತ್ತ ನೋಡಿದಳು. ಸೊಸೆ ಹಿತ್ತಲಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ನನಗೂ ಐತ್ರಿ," ಎಂದಳು ಮೆಲ್ಲಗೆ.

"ಏನು?"

"ಅದ ಬ್ಯಾನಿ. ನಾಕ ವರ್ಷ ಆತು. ನನಗ ಬಾಗಲಾಗ ಅಲ್ಲ, ಪಡಸಾಲ್ಯಾಗ ಹಾಸಿಗಿ ಹಾಸ್ಕೊಂಡ ಮಲಗೈತಿ. ಸುರೇಖಾ ಮನ್ಯಾಗ ಬೆಲ್ಲದ ಡಬ್ಬೀಗೆ ಕೀಲಿ ಹಾಕ್ಯಾಳ. ನೀವು ಬಂದ ದಿನಾ ಮಾತ್ರ ಹೋಳಿಗಿ. ಅಯ್ಯಾರು ಉಂಡ ಮ್ಯಾಲ ಪ್ರಸಾದ ಒಲ್ಲೆ ಅಂತ ಹೆಂಗ ಅನ್ನಾಕ ಬರ್ತೈತಿ? ಎರಡ ತಿಂತಿದ್ದೆ." ಬೆರಳು ಮಡಿಸಿ ಎಣಿಸಿಕೊಂಡು, "ಮೂರು," ಎಂದಳು.

ಬಸಯ್ಯ ಅವಳ ಮುಖ ನೋಡಿದ. ಎಪ್ಪತ್ತರ ಮುದುಕಿ, ಬೆಲ್ಲ ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ ತಲೆ ತಗ್ಗಿಸಿದ್ದಳು. ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಹಿತ್ತಲಿಂದ ಸುರೇಖಾ ಓಡಿಬಂದಾಗ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು, ಒಲೆಯ ಮೇಲೆ ರೊಟ್ಟಿ ಹೊತ್ತಿ ಹೊಗೆಯಾಡುತ್ತಿತ್ತು. ಬಸಯ್ಯನ ಜೋಳಿಗೆಗೆ ಆವತ್ತು ಬಿದ್ದ ಮೊದಲ ಭಿಕ್ಷೆ ಆ ಕರಿ ರೊಟ್ಟಿಯೇ.

ಅಯ್ಯನವರಿಗೆ ಬಡತನ ಬಂತು ಎಂಬ ಸುದ್ದಿ ಮಧ್ಯಾಹ್ನದೊಳಗೆ ಊರು ಸುತ್ತಿತು. ಸಂಜೆಗೆ ನೀಲವ್ವ ಹೊರಟು ಆ ಸುದ್ದಿಯ ಬೆನ್ನು ಹತ್ತಿ, ಮನೆಮನೆಗೆ ಹೋಗಿ ನಿಜ ಹೇಳಿ ಬಂದಳು. ನಿಜ ಹೇಳಿದ ಕಡೆಯೆಲ್ಲ ಇನ್ನೊಂದು ನಿಜ ಹೊರಬಿತ್ತು. ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಸಕ್ಕರೆ, ಎಲ್ಲರೂ ಕದ್ದುಮುಚ್ಚಿ ಗುಳಿಗೆ ನುಂಗುವವರೇ. ಶಂಕರಲಿಂಗ ಯಾರಿಗೂ ಹೇಳದೆ ಜೋಹರಾಳ ಮುಂದೆ ಬೆರಳು ಚಾಚಿದ. ಮರುವಾರದಿಂದ ಅವನ ಕಾರು ಬಾಗಿಲಲ್ಲೇ ನಿಂತಿತು. ಅವನು ಮಾತ್ರ ಏದುಸಿರು ಬಿಡುತ್ತ ಬಸಯ್ಯನ ಹಿಂದೆ ಬೇವೂರಿನ ಹೊಲದ ದಾರಿ ಹಿಡಿದ. "ಅಯ್ಯಾರ, ಸ್ವಲ್ಪ ಸಾವಕಾಶ ನಡೀರಿ," ಎಂದು ದಿನಾ ಗೋಗರೆಯುವುದು ಅವನ ಕೆಲಸವಾಯಿತು. ಜಂಗಿನ ಸದ್ದು ಮಾತ್ರ ದಿನದಿಂದ ದಿನಕ್ಕೆ ಜೋರಾಗುತ್ತ ಹೋಯಿತು.

ಸುಲಭವಾಗಿತ್ತೆಂದಲ್ಲ. ಗಣೇಶನ ಹಬ್ಬದಲ್ಲಿ ಕಡಬು ಬೇಯುವ ಪರಿಮಳಕ್ಕೆ ಬಸಯ್ಯ ಒಂದು ಬಾಗಿಲಲ್ಲಿ ಹತ್ತು ನಿಮಿಷ ಹೆಚ್ಚಿಗೆ ನಿಂತ. ಮೊದಲ ವಾರ ಅವನ ಮೊಣಕಾಲು ಹಿಡಿದುಕೊಂಡಿತು, ಇಂದ್ರಾಬಾಯಿ ಎಣ್ಣೆ ತಿಕ್ಕಿ ತಿಕ್ಕಿ ಸಾಕಾದಳು. ಆದರೆ ಪುಂಡಿಪಲ್ಯ, ಗುರೆಳ್ಳು ಚಟ್ನಿ, ಹಸಿ ಮೆಂತ್ಯಸೊಪ್ಪಿನ ರುಚಿ ನಾಲಿಗೆಗೆ ಮತ್ತೆ ಹತ್ತಿತು. ದಸರೆಯ ಹೊತ್ತಿಗೆ ಧೋತರದ ಗಂಟನ್ನು ನಾಲ್ಕು ಬೆರಳು ಒಳಗೆ ಕಟ್ಟಬೇಕಾಯಿತು.

ಕಾರ್ತೀಕದಲ್ಲಿ ಜೋಹರಾ ಕಾಗದ ಓದಿ ಒಮ್ಮೆ ಅವನನ್ನು, ಒಮ್ಮೆ ಕಾಗದವನ್ನು ನೋಡಿದಳು. "ಐದು ಪಾಯಿಂಟ್ ಒಂಬತ್ತು," ಎಂದಳು. "ಹೊಳ್ಳಿ ಚಪ್ಪಲಿ ಮೆಟ್ಕೊಂಡೈತ್ರಿ ಅಯ್ಯಾರ. ಆದ್ರ ಇನ್ನೂ ಅಂಗಳದಾಗ ಐತಿ. ಹಿಂಗ ನಡಕೋಂತ ಹೋಗಿ ಓಣಿ ದಾಟಿಸಿ ಬರ್ರಿ."

ಬಸಯ್ಯ ಆ ಕಾಗದವನ್ನು ಜೋಳಿಗೆಯಲ್ಲಿ ಇಟ್ಟುಕೊಂಡು ನೇರ ನೀಲವ್ವನ ಮನೆಗೆ ನಡೆದ. ಸೋಮವಾರ, ಅವಳೇ ಕರೆದಿದ್ದಳು. ಒಳಗೆ ಎರಡು ತಾಟು ಹಾಕಿತ್ತು. ಎರಡರಲ್ಲೂ ಜೋಳದ ರೊಟ್ಟಿ, ಹೆಸರುಕಾಳು, ಸೌತೆಕಾಯಿ, ಕಡೆಗೆ ಹೋಳಿಗೆಯ ಒಂದೊಂದು ಹೋಳು. ಒಂದೇ ಹೋಳಿಗೆಯನ್ನು ಸುರೇಖಾ ಅಳತೆ ಹಿಡಿದಂತೆ ಅರ್ಧಕ್ಕೆ ಮುರಿದಿದ್ದಳು.

"ಮೊದಲ ಪಾದ ಇಡ್ರಿ," ಎಂದು ನೀಲವ್ವ ಹಿತ್ತಾಳೆಯ ಪರಾತ ಎಳೆದಳು.

ಬಸಯ್ಯ ಚಪ್ಪಲಿ ಬಿಟ್ಟು ಪಾದ ಇಟ್ಟ. ಚಪ್ಪಲಿಯ ಪಟ್ಟಿಯಿದ್ದಲ್ಲಿ ಬೆಳ್ಳಗೆ ಗೆರೆ ಎದ್ದಿತ್ತು, ಉಳಿದೆಡೆ ಹೊಲದ ದಾರಿಯ ಎರೆಮಣ್ಣು. ಹತ್ತು ಬೆರಳೂ ಇದ್ದವು. ನೀಲವ್ವ ತಂಬಿಗೆಯನ್ನು ಬಗ್ಗಿಸಿದಳು; ತಣ್ಣನೆಯ ನೀರು ಬೆರಳ ಸಂದಿಯಲ್ಲೆಲ್ಲ ಹರಿದು ಕಪ್ಪಾಗಿ ಕೆಳಗಿಳಿಯಿತು. ಅವಳು ಹೆಬ್ಬೆರಳಿನಿಂದ ಹಿಮ್ಮಡಿಯನ್ನು ತಿಕ್ಕಿದಳು, ಮತ್ತೆ ಬಗ್ಗಿಸಿದಳು. ತಂಬಿಗೆ ಬರಿದಾಯಿತು. ಮಣ್ಣು ಇನ್ನೂ ಇತ್ತು.

ನೀಲವ್ವ ಬರಿದಾದ ತಂಬಿಗೆಯನ್ನು ನೋಡಿದಳು, ಆಮೇಲೆ ಒಳಗಿನ ಕಡೆ ತಿರುಗಿದಳು.

"ಸುರೇಖಾ," ಎಂದು ಕೂಗಿದಳು, "ಇನ್ನೊಂದ ತಂಬಗಿ ನೀರು ತಾರವ್ವಾ."