ಕುಮುದಲತೆಯ ಮಾದ್ರಿನ್

ಸಿನೆಮಾದ ಕುಮುದಲತೆ ನಮ್ಮವಳು, ಕಿರಿಸ್ತಾಂವಳು ಎಂಬ ಸುದ್ದಿಯನ್ನು ನಮ್ಮ ತೇರಗಾಂವಕ್ಕೆ ಹೊತ್ತು ತಂದವನು ಫಿಲಿಪ್. ಗೋವೆಯಿಂದ ಪೋರ್ತುಗೀಸರು ಹೋಗಿ ಆಗ ಎರಡು ವರ್ಷವಾಗಿತ್ತು. ದಾಂಡೇಲಿಯ ಆಚೆ ಕಾಡಿನ ಬಂಗಲೆಯಲ್ಲಿ ಮುಂಬಯಿಯ ಸಿನೆಮಾ ಕಂಪನಿಯೊಂದು ಬಂದು ಇಳಿದಿತ್ತು. ಫಿಲಿಪ್ ಅವರ ಅಡುಗೆಯವರಿಗೆ ಕಟ್ಟಿಗೆ ಒಡೆದು ಕೊಡುತ್ತಿದ್ದ. ಭಾನುವಾರ ಊರಿಗೆ ಬಂದವನು ಪೂಜೆ ಮುಗಿಯುವುದನ್ನೂ ಕಾಯದೆ ನನ್ನ ಕಿವಿಯಲ್ಲಿ ಊದಿದ. ಆಕೆಯ ಕುಪ್ಪಸದ ಒಳಗೆ ಬಂಗಾರದ ಶಿಲುಬೆ ಇದೆಯಂತೆ, ನಿಜವಾದ ಹೆಸರು ಆನಾ ಅಂತೆ, ಮಡಗಾಂವ ಕಡೆಯವಳಂತೆ, ಉಣ್ಣುವ ಮೊದಲು ನೊಣ ಓಡಿಸಿದಷ್ಟು ಬೇಗ ಶಿಲುಬೆಯ ಗುರುತು ಮಾಡುತ್ತಾಳಂತೆ. ನನ್ನ ಕಿವಿಗೆ ಹೇಳಿದ ಮೇಲೆ ಊರಿಗೆ ಬೇರೆಯಾಗಿ ಹೇಳುವ ಕೆಲಸ ಅವನಿಗೆ ಉಳಿಯಲಿಲ್ಲ.

ನಾವು ಸಿದ್ದಿ ಕಿರಿಸ್ತಾಂವರು ಹದಿನಾರು ಮನೆ. ಒಬ್ಬರೂ ಆಕೆಯ ಒಂದೇ ಒಂದು ಸಿನೆಮಾ ನೋಡಿರಲಿಲ್ಲ. ಆದರೂ ಆ ದಿನ ಎಲ್ಲರೂ ಒಂದೊಂದು ಗೇಣು ಎತ್ತರವಾದರು. ನಮ್ಮ ಪುಟ್ಟ ಚರ್ಚು ಕಪೇಲಿನ ಗಂಟೆ ಹೊಡೆಯುವ, ಪಾದ್ರಿ ಬಾರದ ದಿನ ಜಪ ನಡೆಸುವ ಪೆದ್ರು ಅಲ್ಲಿಯತನಕ ಸಿನೆಮಾ ಎಂದರೆ ಸೈತಾನನ ಕಂದೀಲು ಎನ್ನುತ್ತಿದ್ದ. ಅವನೇ ಫಿಲಿಪ್‌ನನ್ನು ಬದಿಗೆ ಕರೆದು, ಹುಬ್ಬಳ್ಳಿಯ ಯಾವ ಥೇಟರಿನಲ್ಲಿ ಆಕೆಯ ಸಿನೆಮಾ ಓಡುತ್ತದೆ ಎಂದು ಕೇಳಿದ. ಅವನ ಮಗಳು ಕ್ರಿಸ್ತಿನಾ ಹಳಿಯಾಳದ ಸಂತೆಯಿಂದ ಆಕೆಯ ಚಿತ್ರವಿದ್ದ ಕ್ಯಾಲೆಂಡರ್ ತಂದಳು. ಸಂತ ಅಂತೋನಿಯ ಪಟದ ಪಕ್ಕದಲ್ಲೇ ತೂಗುಹಾಕಲು ಹೋದಾಗ ಪೆದ್ರು ತಡೆದು, ಗೋಡೆಯನ್ನು ಕೈಯಿಂದ ಅಳೆದು, ಸಂತನಿಗಿಂತ ಎರಡು ಗೇಣು ಕೆಳಗೆ ಮೊಳೆ ಹೊಡೆದ. ನಮ್ಮವಳೇ ಇರಬಹುದು, ಆದರೆ ಇನ್ನೂ ಸಂತಳಾಗಿಲ್ಲವಲ್ಲ ಎಂದು ಅವನ ವಾದ.

ನನ್ನನ್ನು ಕೆಡಿಸಿದವಳು ಪಕ್ಕದ ಮನೆಯ ಗುರುಬಸವ್ವ. ಆಕೆ ಲಿಂಗವಂತರವಳು, ನನ್ನಂತೆಯೇ ಗಂಡ ಸತ್ತವಳು. ನಲವತ್ತು ವರ್ಷ ನಾವಿಬ್ಬರೂ ಒಂದೇ ಬೇಲಿಯ ಎರಡು ಕಡೆ ನಿಂತು ಜಗಳವಾಡುತ್ತ ಬದುಕಿದ್ದೇವೆ. ನಾನು ಕುಮುದಲತೆಯ ಸುದ್ದಿಯನ್ನು ನಾಲ್ಕನೆಯ ಸಲ ಹೇಳುತ್ತಿದ್ದಾಗ ಆಕೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೇಳಿದಳು:

“ಇಜಬೆಲಕ್ಕ, ಅಕಿ ನಮ್ಮಾಕಿ ನಮ್ಮಾಕಿ ಅಂತಿ. ಅಕಿಗೆ ನಿನ್ನ ಗುರುತು ಐತೇನ?”

ಅಲ್ಲಿಗೆ ಸುಮ್ಮನಾಗಬೇಕಿತ್ತು. ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ.

“ಗುರುತು ಏನು ಬಂತು. ಜ್ಞಾನಸ್ನಾನದ ದಿನ ಅಕಿನ್ನ ತೋಳಾಗ ಹಿಡದಾಕಿ ನಾನ. ನಾ ಅಕಿ ಮಾದ್ರಿನ್.”

ಕೂಸಿನ ತಲೆಗೆ ಪಾದ್ರಿ ನೀರು ಹೊಯ್ಯುವಾಗ ಅದನ್ನು ಎತ್ತಿ ಹಿಡಿದು, ಅದರ ಪರವಾಗಿ ದೇವರಿಗೆ ಮಾತು ಕೊಡುವವಳೇ ಮಾದ್ರಿನ್. ನಮ್ಮಲ್ಲಿ ಆಕೆ ತಾಯಿಗಿಂತ ಅರ್ಧ ಮೆಟ್ಟಿಲು ಮಾತ್ರ ಕೆಳಗೆ. ನಡುಪ್ರಾಯದಲ್ಲಿ ನಾನೂ ನನ್ನ ಗಂಡನೂ ಎರಡು ವರ್ಷ ಊರು ಬಿಟ್ಟು ಕ್ಯಾಸಲ್‌ರಾಕಿನಲ್ಲಿ ರೈಲು ಹಳಿಯ ಕೆಲಸ ಮಾಡಿದ್ದೆವು. ಅಲ್ಲಿ ಗೋವೆಯ ಗಾರ್ಡೊಬ್ಬನ ಮನೆಯಲ್ಲಿ ಹುಟ್ಟಿದ ಕೂಸೇ ಈ ಕುಮುದಲತೆ ಎಂದು ಕತೆ ಕಟ್ಟಿದೆ. ಆ ಗಾರ್ಡನ ಮನೆಯಲ್ಲಿ ನಾನು ಎತ್ತಿಕೊಂಡಿದ್ದು ಒಂದು ಆಡಿನ ಮರಿಯನ್ನು ಮಾತ್ರ.

ಮುಂದಿನ ಭಾನುವಾರ ಕಪೇಲಿನಲ್ಲಿ ನನಗೆ ಎಲ್ಲರಿಗಿಂತ ಮುಂದೆ ಚಾಪೆ ಹಾಸಿದ್ದರು. ಕೂಸು ಹೇಗಿತ್ತು ಎಂದು ಹೆಂಗಸರು ಕೇಳಿದರು. ಹುಟ್ಟಿದಾಗಲೇ ಸೊಂಟದವರೆಗೆ ಕೂದಲಿತ್ತು, ಅತ್ತರೆ ಪೇಟಿ ಬಾರಿಸಿದಂತೆ ಕೇಳುತ್ತಿತ್ತು, ಅದರ ಕಣ್ಣು ನೋಡುತ್ತ ಪಾದ್ರಿ ನೀರು ಹೊಯ್ಯುವುದನ್ನೇ ಮರೆತರು ಎಂದೆ. ಕ್ರಿಸ್ತಿನಾ ಬಾಯಿ ತೆರೆದು ಕೇಳುತ್ತಿದ್ದಳು. ಪೆದ್ರು ಮಾತ್ರ ನನ್ನನ್ನು ಒಂದು ಥರ ನೋಡುತ್ತಿದ್ದ.

ಅದರ ಮುಂದಿನ ಶನಿವಾರ ಫಿಲಿಪ್ ಮತ್ತೆ ಬಂದ. ಈ ಸಲ ಮುಖ ಸಣ್ಣದಾಗಿತ್ತು. ಶುಕ್ರವಾರ ಮಧ್ಯಾಹ್ನ ಕುಮುದಲತೆ ಕೋಳಿ ತಿಂದಳು, ತನ್ನ ಕಣ್ಣಾರೆ ನೋಡಿದೆ ಎಂದ. ಏಸುಸ್ವಾಮಿ ಸತ್ತ ವಾರವೆಂದು ಶುಕ್ರವಾರ ನಾವು ಮಾಂಸ ಮುಟ್ಟುವುದಿಲ್ಲ. ಕಾಡಿನಲ್ಲಿ ಹಂದಿ ತಾನಾಗಿ ಬಂದು ಒಲೆಯ ಮುಂದೆ ಮಲಗಿದರೂ ಶನಿವಾರದ ತನಕ ಕಾಯುತ್ತೇವೆ. ಒಂದು ತುಂಡು ಬಾಯಿಗೆ ಬಿತ್ತೇನೋ ಎಂದು ಕೇಳಿದರೆ, ಏಳು ಕಾಲು ಎಂದ. ನಾನಾಗಿದ್ದರೆ ಇಪ್ಪತ್ತು ಎನ್ನುತ್ತಿದ್ದೆ. ಫಿಲಿಪ್‌ಗೆ ಆ ಗುಣವಿಲ್ಲ, ಆದ್ದರಿಂದ ಎಲ್ಲರೂ ನಂಬಿದರು.

ಒಂದು ಗೇಣು ಎತ್ತರವಾಗಿದ್ದ ಜನ ಒಂದೇ ಸಂಜೆಗೆ ಕುಗ್ಗಿದರು. ಪೆದ್ರು ಕ್ಯಾಲೆಂಡರನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿದ. ಕ್ರಿಸ್ತಿನಾ ಈಚೆ ತಿರುಗಿಸಿದಳು. ಅವನು ಮತ್ತೆ ಆಚೆ ತಿರುಗಿಸಿದ. ಬೇರೆ ಯಾವ ನಟಿ ಕೋಳಿಯಲ್ಲ, ಆನೆ ತಿಂದಿದ್ದರೂ ನಮಗೇನೂ ಆಗುತ್ತಿರಲಿಲ್ಲ. ಈಕೆ ನಮ್ಮವಳಲ್ಲವೇ, ಹಾಗಾಗಿ ಆ ಕೋಳಿ ಹದಿನಾರು ಮನೆಯ ಗಂಟಲಿನಲ್ಲೂ ಸಿಕ್ಕಿಕೊಂಡಿತು. ಕೊನೆಗೆ ಸೋಮವಾರ ಪೆದ್ರು ನನ್ನ ಮನೆಯ ಬಾಗಿಲಿಗೆ ಬಂದ.

“ಆಯಿ, ಮಾದ್ರಿನ್ ಅಂದ್ರ ಬರೇ ಎತ್ಕೊಳ್ಳೋದಲ್ಲ. ಕೂಸು ದಾರಿ ತಪ್ಪಿದ್ರ ದೇವರಿಗೆ ಜವಾಬು ಕೊಡಾಕಿ ನೀನ. ಹೋಗಿ ಅಕಿನ್ನ ಕೇಳಿ ಬಾ.”

“ಅಷ್ಟು ದೂರ ಹೆಂಗ ಹೋಗ್ಲೋ, ನನಗ ನೂರಾ ಹತ್ತು ವರ್ಷ ಆಗ್ಯಾವ.”

“ಹೋಗಾಕ ಆಗಂಗಿಲ್ಲಂದ್ರ ಬರೋ ಐತವಾರ ಪಾದ್ರಿ ಮುಂದ ನಿಂತು, ನಾ ಅಕಿ ಮಾದ್ರಿನ್ ಅಲ್ಲ ಅಂತ ಹೇಳು. ಅದು ಹತ್ರ ಐತಿ.”

ನನಗೆ ಹೊಲವಿಲ್ಲ, ಗಂಡನಿಲ್ಲ, ಬಾಯಲ್ಲಿ ಹಲ್ಲಿಲ್ಲ. ಇದ್ದ ಒಂದೇ ಆಸ್ತಿ ಎಂದರೆ ಮಾತು. ಇಜಬೆಲಜ್ಜಿ ಬಾಯಿ ತೆರೆದರೆ ಕೇಳಲು ಹತ್ತು ಜನ ಕೂಡುತ್ತಿದ್ದರು. ಒಮ್ಮೆ ಎದ್ದು ನಿಂತು ಸುಳ್ಳು ಎಂದು ಒಪ್ಪಿಕೊಂಡರೆ, ಆಮೇಲೆ ನನ್ನ ಮನೆಗೆ ಬೆಂಕಿ ಬಿತ್ತೆಂದು ಕೂಗಿದರೂ ಯಾರೂ ಎದ್ದು ಬರುವುದಿಲ್ಲ. ಮಂಗಳವಾರ ಬಸ್ಸು ಹತ್ತಿದೆ. ಬೇಡವೆಂದರೂ ಗುರುಬಸವ್ವ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಬೆನ್ನಿಗೆ ಬಿದ್ದಳು. ನಿನ್ನ ಮಗಳೆಂದರೆ ನನ್ನ ಮಗಳಲ್ಲವೇ, ಬರಿಗೈಯಲ್ಲಿ ಹೋಗಬಾರದು ಎಂದು ಹಳಿಯಾಳದಿಂದ ದಾಂಡೇಲಿಯ ತನಕ ಹೇಳುತ್ತಲೇ ಬಂದಳು. ಅದರಲ್ಲಿ ಎಷ್ಟು ಪ್ರೀತಿ ಇತ್ತು, ಎಷ್ಟು ಕುಚೋದ್ಯವಿತ್ತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ದಾಂಡೇಲಿಯಲ್ಲಿ ಕಾಯುತ್ತಿದ್ದ ಫಿಲಿಪ್ ನಮ್ಮನ್ನು ಬಂಗಲೆಗೆ ಕರೆದುಕೊಂಡು ಹೋದ. ಕುಮುದಲತೆ ಸಾಗವಾನಿ ಮರದ ಕೆಳಗೆ ಕುರ್ಚಿಯ ಮೇಲೆ ಕುಳಿತು, ಎರಡೂ ಕಾಲುಗಳನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದಳು. ಹೊಳೆದಂಡೆಯಲ್ಲಿ ಉಂಬಳ ಕಚ್ಚಿದ್ದವಂತೆ. ಮುಖಕ್ಕೆ ಬಳಿದಿದ್ದ ಬಣ್ಣದಲ್ಲಿ ಒಂದು ಮನೆಗೆ ಸುಣ್ಣ ಹೊಡೆಯಬಹುದಿತ್ತು. ಕ್ಯಾಲೆಂಡರಿಗಿಂತ ಸಣಕಲು, ಕ್ಯಾಲೆಂಡರಿಗಿಂತ ದಣಿದವಳು. ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಗುರುಬಸವ್ವ ಕಣ್ಣು ಮಿಟುಕಿಸದೆ ನಿಂತಿದ್ದಳು. ಇಷ್ಟು ವರ್ಷ ಬೇಲಿಯ ಆಚೆ ಇದ್ದರೂ ಆಕೆ ಕೊಂಕಣಿಯಲ್ಲಿ ಬೈಗುಳ ಬಿಟ್ಟು ಬೇರೇನೂ ಕಲಿತಿರಲಿಲ್ಲ. ದೇವರು ಅಷ್ಟು ದಾರಿ ಬಿಟ್ಟಿದ್ದ. ನಾನು ಕೊಂಕಣಿಯಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಬಾಯಿ, ನಾ ನಿನ್ನ ಮಾದ್ರಿನ್ ಅಂತ ಊರಾಗ ಸುಳ್ಳ ಹೇಳೇನಿ. ಈಗ ನೀ ಶುಕ್ರವಾರ ಕೋಳಿ ತಿಂದಿ ಅಂತ ಅವರು ನನ್ನ ಕೊರಳು ಹಿಡದಾರ. ತಿಂದಿ ಏನ?”

ಆಕೆ ನನ್ನನ್ನು ನೋಡಿದಳು. ಗುರುಬಸವ್ವನನ್ನು ನೋಡಿ, ಅವರು ಯಾರು ಎಂದಳು. ನಾಳೆ ಊರಿಗೆಲ್ಲ ಹೇಳುವವಳು ಆಕೆಯೇ ಎಂದೆ. ಬಕೆಟ್ಟಿನ ನೀರು ತುಳುಕುವಂತೆ ನಕ್ಕಳು.

ಆಮೇಲೆ ತಾನೂ ಕೊಂಕಣಿಯಲ್ಲೇ ಹೇಳಿದಳು. ಅಂದು ಶೂಟಿಂಗಿನಲ್ಲಿ ಕೋಳಿ ತಿನ್ನುತ್ತ ಹೀರೋನನ್ನು ಬೈಯುವ ಕೆಲಸವಿತ್ತು. ಇವತ್ತು ಶುಕ್ರವಾರ, ಬೇರೇನಾದರೂ ಕೊಡಿ ಎಂದು ಡೈರೆಕ್ಟರನಿಗೆ ಹೇಳಿದಳು. ಕ್ಯಾಮೆರಾಕ್ಕೆ ವಾರ ತಿಳಿಯುವುದಿಲ್ಲ ಎಂದು ಅವನು ನಕ್ಕನಂತೆ. ಆ ಹೀರೋ ತನ್ನ ಮಾತನ್ನು ಏಳು ಸಲ ಮರೆತ. ಏಳು ಸಲವೂ ಈಕೆ ಹೊಸ ಕಾಲು ಕಚ್ಚಬೇಕಾಯಿತು. ಕ್ಯಾಮೆರಾ ನಿಂತ ಕೂಡಲೇ ಮರದ ಹಿಂದೆ ಹೋಗಿ ಉಗಿದು ಬಂದಳು.

“ಬೇಕಾದ್ರ ಆ ನಾಯಿನ್ನ ಕೇಳ್ರಿ.”

ಬಂಗಲೆಯ ಮೆಟ್ಟಿಲಿನ ಮೇಲೆ ಎಮ್ಮೆಯಷ್ಟು ದಪ್ಪನೆಯ ನಾಯಿ ಮಲಗಿತ್ತು. ಫಿಲಿಪ್ ತಲೆ ಕೆರೆದುಕೊಂಡ. ಅವನು ಕಟ್ಟಿಗೆ ಹೊರೆ ಹೊತ್ತು ಹೋಗುತ್ತ ಬರುತ್ತ ಕಚ್ಚುವುದನ್ನಷ್ಟೇ ನೋಡಿದ್ದ.

ಏಳು ಸಲ ಕಚ್ಚಿದ ಮೇಲೆ ಒಂದಿಷ್ಟಾದರೂ ರಸ ಒಳಗೆ ಇಳಿಯಲಿಲ್ಲವೇ ಎಂದು ನಾನು ಬಿಡದೆ ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, ಮೂರನೆಯ ಸಲ ಇಳಿದಿರಬಹುದು, ಉಪ್ಪು ಖಾರ ಚೆನ್ನಾಗಿತ್ತು ಎಂದಳು. ಆ ಮಾತಿಗೇ ನಾನು ಉಳಿದದ್ದನ್ನೆಲ್ಲ ನಂಬಿದೆ. ಸುಳ್ಳು ಹೇಳುವವರು ಮೂರನೆಯ ಸಲದ ರಸವನ್ನು ಬಿಟ್ಟುಕೊಡುವುದಿಲ್ಲ, ಅದು ನನಗೆ ಗೊತ್ತು.

ತನಗೆ ದಿನಾ ಕಾಗದ ಬರುತ್ತವೆ ಎಂದಳು. ನಮ್ಮವರೇ ಬರೆಯುತ್ತಾರಂತೆ. ಜಪಮಾಲೆ ಹಿಡಿದ ಫೋಟೊ ಕಳಿಸು ಎಂದು ಕೆಲವರು, ಅಂಥ ಬಟ್ಟೆಯ ಮೇಲೆ ಶಿಲುಬೆ ಹಾಕಬೇಡ ಎಂದು ಕೆಲವರು, ನಮ್ಮ ಇಗರ್ಜಿಗೆ ಗಂಟೆ ಮಾಡಿಸಿಕೊಡು ಎಂದು ಕೆಲವರು. ನಿಜವಾದ ಮಾದ್ರಿನ್ ಮಡಗಾಂವದಲ್ಲಿ ಸತ್ತು ಎರಡು ವರ್ಷವಾಯಿತಂತೆ.

“ಅಕಿ ಸತ್ತ ಮ್ಯಾಲ ಯಾರೂ ಮುಖ ನೋಡಿ, ತಿಂದಿ ಏನ ಅಂತ ಕೇಳಿರಲಿಲ್ರೀ. ತಿಂದಾಳ ಅಂತ ತಾವ ತಾವ ಹೇಳ್ಕೋತಾರ.”

ಹೇಳಿ, ಬಕೆಟ್ಟಿನಿಂದ ಕಾಲು ತೆಗೆದು, ಒದ್ದೆ ಕಾಲಿನಲ್ಲೇ ಸಾಗವಾನಿ ಎಲೆಗಳ ಮೇಲೆ ಮೊಣಕಾಲೂರಿದಳು. ಕೈ ಜೋಡಿಸಿದಳು.

“ಮಾದ್ರಿನ್, ಬೆಸಾಂವ್ ದೀ.”

ಬೆಸಾಂವ್ ಎಂದರೆ ಆಶೀರ್ವಾದ. ಸಂಜೆಯ ಜಪ ಮುಗಿದ ಮೇಲೆ ನಮ್ಮಲ್ಲಿ ಕಿರಿಯರು ಹಿರಿಯರ ಮುಂದೆ ಹೀಗೆಯೇ ಕೇಳುತ್ತಾರೆ. ಕೇಳಿದವರಿಗೆ ಕೊಡದೆ ಇರುವಂತಿಲ್ಲ. ಸಾವಿರ ಮಕ್ಕಳ ತಲೆ ಮುಟ್ಟಿದ ಕೈ ನನ್ನದು. ತಲೆಯ ಮೇಲೆ ಇಟ್ಟರೆ ಕೂದಲೆಲ್ಲ ಕೈಯಡಿಯಲ್ಲೇ ಒಂದು ಬದಿಗೆ ಜರುಗಿತು. ಮುಕ್ಕಾಲು ಪಾಲು ಚೌರಿ. ನಾನು ದೇವರ ಹೆಸರು ಹೇಳುತ್ತ ಅದನ್ನು ಸರಿಯಾಗಿ ಕೂಡಿಸಿದೆ. ಸಿಗರೇಟು ಸೇದುತ್ತಿದ್ದ ಹೀರೋ ನೋಡುತ್ತಲೇ ನಿಂತ. ಹಿಂದೆ ಗುರುಬಸವ್ವ ‘ಶಿವನ’ ಎಂದದ್ದು ಕೇಳಿಸಿತು.

ಏಳುವ ಮೊದಲು ಆಕೆ ನನ್ನ ಕೈ ಹಿಡಿದುಕೊಂಡೇ ಹೇಳಿದಳು:

“ಸುಳ್ಳ ಹೇಳಿ ಆಗಿದ್ರಿ, ಈಗ ಖರೇನ ಆದ್ರಿ. ಇನ್ನ ನನ್ನ ಪಾಪಕ್ಕ ಜವಾಬು ನಿಮ್ದ. ಕೇಳ್ಕೋರಿ.”

ಒಂದೊಂದಾಗಿ ಹೇಳಿದಳು. ಸಿನೆಮಾದವಳ ಪಾಪ, ಕಿವಿ ಸುಟ್ಟು ಹೋಗುತ್ತವೆ ಎಂದುಕೊಂಡು ನಾನು ಹತ್ತಿರ ಬಾಗಿದ್ದೆ. ಶೂಟಿಂಗಿಗಾಗಿ ಎಂಟು ಭಾನುವಾರ ಪೂಜೆ ತಪ್ಪಿಸಿದ್ದು, ತಂಗಿಯ ಕಾಗದಕ್ಕೆ ಉತ್ತರ ಬರೆಯದೆ ಇರುವುದು, ತನಗಿಂತ ಚಂದ ಕುಣಿಯುವ ಹುಡುಗಿಯನ್ನು ಚಿತ್ರದಿಂದ ತೆಗೆಸಿದ್ದು. ಕೊನೆಯದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಆದರೆ ಅವೆಲ್ಲ ನಮ್ಮ ತೇರಗಾಂವದಲ್ಲೂ ಸಿಗುವ ಪಾಪಗಳೇ, ಅದಕ್ಕೆ ಬಸ್ಸು ಹತ್ತಿ ಬರಬೇಕಾಗಿರಲಿಲ್ಲ.

ಊರಿನಲ್ಲಿ ನಾನು ಬಾಯಿ ತೆರೆಯಲೇ ಬೇಕಾಗಲಿಲ್ಲ. ಬಸ್ಸಿಳಿದವಳೇ ಗುರುಬಸವ್ವ ಸೀದಾ ಪೆದ್ರುವಿನ ಅಂಗಳಕ್ಕೆ ನಡೆದಳು.

“ಅಕಿ ನಿಮ್ಮ ಆಯಿ ಪಾದಕ್ಕ ಬಿದ್ದಳಪಾ, ನಾ ನೋಡೇನಿ. ಇನ್ನೂರು ಮಂದಿ ಅತ್ತರು.”

ಅಲ್ಲಿದ್ದವರು ಒಂಬತ್ತು ಜನ, ಅತ್ತವರು ಯಾರೂ ಇಲ್ಲ. ಲಿಂಗವಂತರವಳು ನಮ್ಮ ಪರವಾಗಿ ಸುಳ್ಳು ಹೇಳಲು ಕಾರಣವೇ ಇಲ್ಲವೆಂದು ಪೆದ್ರು ನಂಬಿದ. ಕೋಳಿಯ ಮಾತನ್ನು ಫಿಲಿಪ್ ತಾನೇ ಬಂದು ಹಿಂದಕ್ಕೆ ತೆಗೆದುಕೊಂಡ. ಆಕೆ ನಮ್ಮ ಕಪೇಲಿಗೆ ಬರುತ್ತಾಳೆಯೇ ಎಂದು ಕ್ರಿಸ್ತಿನಾ ಕೇಳಿದಳು. ಇಲ್ಲ, ಕಂಪನಿ ಗುರುವಾರವೇ ಹೊರಡುತ್ತದೆ ಎಂದೆ. ಅದು ನಿಜವೇ ಆಗಿತ್ತು.

ಮಾತು ಉಳಿಯಿತು, ಆದರೆ ಹೊರೆ ಹೆಚ್ಚಾಯಿತು. ಮಾದ್ರಿನ್ ಎಂದು ನಾನೇ ಹೇಳಿದ್ದು, ಆಕೆ ಒಪ್ಪಿದ್ದು, ಬೆಸಾಂವ್ ಕೊಟ್ಟದ್ದು ಎಲ್ಲ ದೇವರ ಎದುರಿಗೇ ನಡೆದಿದೆ. ಹಾಗಾಗಿ ದಿನಾ ಜಪದ ಕೊನೆಗೆ ಆನಾಳ ಹೆಸರು ಹೇಳಿ, ಆಕೆಯ ಪಾಪಗಳನ್ನು ಒಂದೊಂದಾಗಿ ದೇವರ ಮುಂದೆ ಇಡುತ್ತೇನೆ. ಆ ಪಟ್ಟಿ ತೀರಾ ಗಿಡ್ಡದು, ಜಪಕ್ಕೆ ಊರಿದ ಮೊಣಕಾಲು ಬೆಚ್ಚಗಾಗುವ ಮೊದಲೇ ಮುಗಿದುಹೋಗುತ್ತದೆ. ಆದ್ದರಿಂದ ನಡುನಡುವೆ ನನ್ನವೂ ಒಂದೆರಡು ಸೇರಿಸುತ್ತೇನೆ. ಯಾವುದು ಯಾರದೆಂದು ಆರಿಸಿ ಬೇರೆ ಮಾಡುವ ಕೆಲಸ ದೇವರದು.