ಬಾಣಂತಿಯ ಕೋಣೆಗೆ ಒಂದು ತಂಬಿಗೆ ನೀರು

ಜಕ್ಕಲಿಯ ದ್ಯಾಮಪ್ಪನವರ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತ ಕೂಡಲೇ ಅವರ ಹೆಂಡತಿ ಗಾಳೆವ್ವ ಬೆಲ್ಲ, ನೀರು ತಂದಿಟ್ಟರು. "ಬಿಸಲಾಗ ಬಂದೀರಿ ಅಕ್ಕೋರ, ಮೊದಲ ನೀರು ಕುಡೀರಿ" ಎಂದರು. ಬಂದವರಿಗೆ ನೀರು ಕೊಡದ ಮನೆ ನಮ್ಮ ಕಡೆ ಇಲ್ಲ. ಒಳಕೋಣೆಯಲ್ಲಿ ಅವರ ಮಗಳು ಶೇಖವ್ವ ಚೊಚ್ಚಲ ಹೆರಿಗೆಯಾಗಿ ಮಲಗಿದ್ದಳು. ಅವಳಿಗೆ ಮಾತ್ರ ನೀರಿಲ್ಲ.

ಏಕೀಕರಣವಾದ ಮರುವರ್ಷದ ಮಾತಿದು. ಹೆಣ್ಣುಮಕ್ಕಳ ಕಷ್ಟಗಳನ್ನು ಊರೂರು ತಿರುಗಿ ವಿಚಾರಿಸಿ ಬರೆಸಬೇಕೆಂದು ಗಜೇಂದ್ರಗಡದ ವ್ಯಾಪಾರಿ ಪ್ರಭುಲಿಂಗಪ್ಪನವರು ಅಲ್ಲಿನ ವಾರಪತ್ರಿಕೆಗೆ ದೇಣಿಗೆ ಕೊಟ್ಟಿದ್ದರು. ಸಭೆ ಕೂಡಿಸಿ, ಹಾರ ಹಾಕಿಸಿಕೊಂಡೇ ಕೊಟ್ಟಿದ್ದರು ಅನ್ನಿ. ಪತ್ರಿಕೆಯ ಗಂಡಸರು ಹೋದರೆ ಮನೆಯ ಗಂಡಸರೇ ಪಡಸಾಲೆಯಲ್ಲಿ ಉತ್ತರ ಹೇಳಿ ಕಳಿಸುತ್ತಿದ್ದರು. ಹಾಗಾಗಿ ಸಂಪಾದಕರು ನರೇಗಲ್ಲಿನಲ್ಲಿ ಶಾಲೆ ಕಲಿಸುತ್ತಿದ್ದ ನನ್ನನ್ನು ಹಿಡಿದರು. ಶಾಲೆಗೆ ಸೂಟಿ ಬಂದರೆ ನನಗೆ ತಿರುಗಾಟ.

ಕೋಣೆಯೊಳಗೆ ಹೋದೆ. ಕಿಟಕಿ ಮುಚ್ಚಿತ್ತು, ಹೊರಸಿನ ಕೆಳಗೆ ಕೆಂಡ. ಶೇಖವ್ವನ ತುಟಿ ಒಡೆದಿತ್ತು, ಮೈ ಸುಡುತ್ತಿತ್ತು. "ಅಕ್ಕೋರ, ಒಂದು ಗುಟುಕು ಕೊಡಸ್ರಿ" ಎಂದಳು.

"ಬ್ಯಾಡ್ರಿ, ನೀರು ಕುಡದ್ರ ಬಾಣಂತಿಗೆ ಸನ್ನಿ ಬಡೀತೈತಿ," ಗಾಳೆವ್ವ ಅಡ್ಡ ನಿಂತರು. "ನಮ್ಮವ್ವ ನನಗೂ ಕೊಟ್ಟಿಲ್ಲ. ನಾ ಬದಕಿಲ್ಲೇನು?"

"ಜ್ವರ ಬಂದ ಮೈಗೆ ನೀರಽ ಬೇಕ್ರಿ. ಕಾಸಿ ಆರಿಸಿದ್ದರ ಕೊಡ್ರಿ. ರೋಣದ ದವಾಖಾನಿಗೆ ಹೋಗೂಣು."

"ಹಸಿ ಬಾಣಂತಿನ್ನ ಗಾಳಿಗೆ ಒಯ್ಯೂದ? ನೀವು ಸಾಲಿ ಕಲಸ್ರಿ, ಬಾಣಂತನ ನಮಗ ಬಿಡ್ರಿ."

ದ್ಯಾಮಪ್ಪನವರು "ಅದು ಹೆಂಗಸರ ವ್ಯವಹಾರ" ಎಂದು ಎತ್ತು ಹೊಡೆದುಕೊಂಡು ಹೊಲಕ್ಕೆ ನಡೆದರು. ಗಾಳೆವ್ವ ಕೆಟ್ಟವರಲ್ಲ, ಮಗಳಿಗೆಂದು ಕೈತುಂಬ ತುಪ್ಪ ಹಾಕಿ ಅಂಟಿನುಂಡೆ ಕಟ್ಟುತ್ತಿದ್ದರು. ಕೆಟ್ಟವರೊಡನೆ ಜಗಳವಾದರೂ ಆಡಬಹುದು. ನಾನು ಸೋತು ಎದ್ದು ಬಂದೆ.

ಮುಂದಿನ ಸಂತೆಯ ದಿನ ಶೇಖವ್ವ ತೀರಿಹೋದ ಸುದ್ದಿ ಬಂತು. ಕಂಡದ್ದನ್ನೆಲ್ಲ ಬರೆದು ಕಳಿಸಿದೆ. ಅಚ್ಚಿಗೆ ಹೋಗುವ ಮೊದಲೇ ಪ್ರಭುಲಿಂಗಪ್ಪನವರು ತರಿಸಿ ಓದಿ, ನನ್ನನ್ನು ಕರೆಸಿದರು.

"ಸೆರೆ ಕುಡಿಯೂದರ ಮ್ಯಾಲ ಬರೀರಿ, ವರದಕ್ಷಿಣಿ ಮ್ಯಾಲ ಬರೀರಿ. ಬಾಣಂತಿ ಕೋಣಿ ಮಾತು ಪೇಪರದಾಗ ಯಾಕ? ನಮ್ಮ ಮನ್ಯಾಗೂ ಹಿಂಗಽ ನಡಕೊಂತ ಬಂದೈತಿ."

"ಅದಕ್ಕಽ ಬರದೀನ್ರಿ."

"ಹಂಗಾದ್ರ ನಮ್ಮ ದೇಣಿಗಿ ಇಲ್ಲಿಗೆ ಮುಗೀತ್ರಿ."

ಅಲ್ಲೇ ಕೂತಿದ್ದ ಸಂಪಾದಕರು ತಲೆ ತಗ್ಗಿಸಿ ಹಾಳೆಗಳನ್ನು ಮರಳಿ ಕೊಟ್ಟರು. ಅವರನ್ನು ಬೈಯುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಶಾಲೆಯ ಕಟ್ಟೆಯ ಮೇಲೆ ಗಾಳೆವ್ವ ಕೂತಿದ್ದರು. ಜಕ್ಕಲಿಯಿಂದ ನಡೆದೇ ಬಂದಿದ್ದರು. ನೀರು ಕೊಟ್ಟೆ. ತಂಬಿಗೆ ಹಿಡಿದು ಕೂತರು, ಕುಡಿಯಲಿಲ್ಲ.

"ಮಗಳ ಸುದ್ದಿ ಬರದೀರಂತ. ನನ್ನ ಹೆಸರು ಹಾಕೀರೇನು?"

"ಇಲ್ರಿ. ಅದು ಅಚ್ಚೂ ಆಗೂದಿಲ್ಲ."

"ಹಾಕ್ರಿ. ನೀರು ಕೊಡದಽ ಮಗಳನ್ನ ಕೊಂದಾಕಿ ಗಾಳೆವ್ವ ಅಂತ ಹಾಕ್ರಿ. ಅಚ್ಚ ಆಗದಿದ್ರ ಬಂದು ಓದಿ ಹೇಳ್ರಿ. ನಮ್ಮ ಓಣ್ಯಾಗ ನೀಲವ್ವನ ಮಗಳು ನಿನ್ನೆ ಹಡದಾಳ."

ಸಂಜೆಗೆ ನೀಲವ್ವನ ಮನೆ ಮುಟ್ಟಿದೆವು. ರೂಢಿಯಂತೆ ನೀಲವ್ವ ನಮಗೆ ಬೆಲ್ಲ, ನೀರು ತಂದಳು. ಗಾಳೆವ್ವ ತಂಬಿಗೆ ಎತ್ತಿಕೊಂಡು ನೆಟ್ಟಗೆ ಬಾಣಂತಿಯ ಕೋಣೆಯತ್ತ ನಡೆದರು.

"ಏನ್ ಮಾಡಾಕತ್ತಿ ಯಕ್ಕಾ? ಸನ್ನಿ ಬಡೀತೈತಿ," ನೀಲವ್ವ ಅಡ್ಡ ಬಂದಳು.

"ನನ್ನ ಮಗಳ ಮ್ಯಾಲಿನ ಮಣ್ಣು ಇನ್ನೂ ಆರಿಲ್ಲ. ಸರಿ ಅತ್ಲಾಗ."

ನೀಲವ್ವ ಸರಿದಳು. ಒಳಗೆ ಗಟಗಟ ಕುಡಿಯುವ ಸದ್ದು ಕೇಳಿಸಿತು. ಓದಲೆಂದು ತಂದಿದ್ದ ಹಾಳೆಗಳನ್ನು ನಾನು ತೆಗೆಯಲೇ ಇಲ್ಲ. ಗಾಳೆವ್ವ ಹೊರಗೆ ಬಂದು ಬರಿದಾದ ತಂಬಿಗೆಯನ್ನು ನೀಲವ್ವನ ಕೈಗಿಟ್ಟರು.

"ತುಂಬಿ ತಾ. ಇನ್ನೂ ಬೇಕಂತ."