ಹದಿನೆಂಟಡಿಯ ದೋಣಿ

ದೋಣಿ ಕಟ್ಟಿದ್ದ ಹಗ್ಗದ ಗಂಟು ಬಿಚ್ಚಿಕೊಳ್ಳಲಿಲ್ಲ. ಅಳಿಯ ಹಾಕಿದ ಗಂಟು. ಬೇಕೆಂದೇ ಬಿಗಿದಿದ್ದಾನೆ ಅನ್ನಿಸಿತು. ಡಾಕ್ಟರಮ್ಮ ಹಲ್ಲು ಕಚ್ಚಿ ಎಳೆದಳು. ಮೂರು ತಿಂಗಳ ಹಿಂದೆ ಕ್ಯಾಬಿನ್ನಿನ ಮೆಟ್ಟಿಲಲ್ಲಿ ಜಾರಿ ಮುರಿದುಕೊಂಡಿದ್ದ ಮಣಿಕಟ್ಟು ಚುರುಕ್ಕೆಂದಿತು.

ಹನ್ನೊಂದಕ್ಕೆ ದೋಣಿ ಕೊಳ್ಳುವವರು ಬರುತ್ತಾರೆ. ಈಗ ಒಂಬತ್ತೂವರೆ.

ಹದಿನೆಂಟಡಿಯ ಹಾಯಿದೋಣಿ. ಇಬ್ಬರು ಮುದುಡಿ ಮಲಗಬಹುದಾದ ಕ್ಯಾಬಿನ್, ಒಂದು ಪುಟ್ಟ ಸ್ಟವ್, ಬೆನ್ನು ನೆಟ್ಟಗೆ ಮಾಡಗೊಡದ ಸೂರು. ನಿವೃತ್ತಿಯಾದ ವಾರವೇ ಅದನ್ನು ಕೊಂಡಾಗ ಮಗಳು ನಕ್ಕಿದ್ದಳು. ಕೈ ಮುರಿದ ಮೇಲೆ ನಗಲಿಲ್ಲ. "ಮಾರಿಬಿಡೋಣ ಅಮ್ಮ" ಅಂದಳು. "ನೋಡೋಣ" ಅಂದಿದ್ದಳು ಇವಳು. ಆ 'ನೋಡೋಣ' ಎರಡೇ ವಾರದಲ್ಲಿ ಒಪ್ಪಿಗೆಯಾಗಿ, ಪೇಪರಿನಲ್ಲಿ ಜಾಹೀರಾತಾಗಿ ಬಂತು. ಮೂವತ್ತೊಂದು ವರ್ಷ, ರೋಗಿಯ ಸಹಿಯಿಲ್ಲದೆ ಒಂದು ಸೂಜಿಯನ್ನೂ ಚುಚ್ಚದವಳಿಗೆ ಅದು ತಮಾಷೆಯಾಗಿ ಕಂಡಿತು.

ಅರಿವಳಿಕೆ ಕೊಡುವುದು ಅವಳ ಕೆಲಸವಾಗಿತ್ತು. ಎಚ್ಚರಾದವರು ಕೊಯ್ದವನಿಗೆ ಕೈಮುಗಿದು ಹೋಗುತ್ತಿದ್ದರು. ಅಷ್ಟು ಹೊತ್ತು ಉಸಿರು ಕಾದವಳ ಮುಖ ಯಾರಿಗೂ ನೆನಪಿರುತ್ತಿರಲಿಲ್ಲ. ಅವರ ಮುಖ ಅವಳಿಗೂ ಅಷ್ಟೇ.

ಗಂಟು ಸಡಿಲಿತು. ದೋಣಿಗಳು ನಿಲ್ಲುವ ದಕ್ಕೆಯ ಕಾವಲಿನವನು ಓಡಿಬಂದ.

"ಮೇಡಂ, ಇಂಜಿನ್ನೇ ಇಲ್ವಲ್ಲ! ನಿಮ್ಮ ಅಳಿಯ ಬಿಚ್ಕೊಂಡು ಹೋದ್ರು."

"ಕ್ಲೀನ್ ಮಾಡ್ಸೋಕಂತೆ."

"ಗಾಳಿ ನಿಂತ್ರೆ?"

"ನಿಂತಾಗ ನೋಡೋಣ."

ಆ ಮಾತು ಮತ್ತೆ ಬಾಯಿಗೆ ಬಂದದ್ದಕ್ಕೆ ತನ್ನ ಮೇಲೆ ತನಗೇ ರೇಗಿತು. ಕಾಲಿನಿಂದ ದಕ್ಕೆಯನ್ನು ಒದ್ದು ದೋಣಿಯನ್ನು ದೂಡಿದಳು.

ಹಾಯಿ ತುಂಬಿಕೊಂಡಿತು. ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ಸೀಳತೊಡಗಿತು. ಅಲೆ ತಡೆಯುವ ಕಲ್ಲಿನ ಅಡ್ಡಗೋಡೆ ದಾಟಿದಾಗ ಅವಳು ಒಬ್ಬಳೇ ಜೋರಾಗಿ ನಕ್ಕಳು. ಕೇಳಿಸಿಕೊಳ್ಳುವವರು ಇರಲಿಲ್ಲ, ಇನ್ನಷ್ಟು ನಕ್ಕಳು.

ಹನ್ನೊಂದೂಕಾಲಿಗೆ ಫೋನು ಬಡಿದುಕೊಂಡಿತು.

"ಅಮ್ಮ, ಎಲ್ಲಿದೀಯಾ? ಅವ್ರು ಬಂದು ನಿಂತಿದಾರೆ."

"ದೋಣೀಲಿ."

"ದೋಣಿ ಎಲ್ಲಿದೆ?"

"ನನ್ನ ಕೆಳಗೆ."

ಮಗಳು ದನಿ ತಗ್ಗಿಸಿದಳು. "ಏನೂ ಆಗಲ್ಲಮ್ಮ. ವಾಪಸ್ ಬಂದ್ಬಿಡು. ಎಲ್ಲ ನಾವು ನೋಡ್ಕೋತೀವಿ."

ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೇಜಿನ ಮೇಲೆ ಮಲಗಿದವರಿಗೆ, ಸೂಜಿ ಚುಚ್ಚುವ ಮುಂಚೆ, ಅವಳೇ ಬಳಸುತ್ತಿದ್ದ ದನಿ.

"ನಾನು ಮಾರಲ್ಲ. ಅವ್ರಿಗೆ ಹೇಳ್ಬಿಡು."

"ಮತ್ತೆ? ಎಲ್ಲಿಗೆ ಹೋಗ್ತೀಯಾ?"

ಫೋನು ಆರಿಸಿದಳು. ಹೊರಡುವುದರ ಬಗ್ಗೆ ರಾತ್ರಿಯೆಲ್ಲ ಯೋಚಿಸಿದ್ದವಳು ತಲುಪುವುದರ ಬಗ್ಗೆ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಮುಂದೆ ಬರೀ ನೀರಿತ್ತು. ಅದಕ್ಕೆ ಅವಳ ಅಗತ್ಯವಿದ್ದಂತೆ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಸತ್ತಿತು. ಹಾಯಿ ಜೋತುಬಿತ್ತು.

ಮೀನಿನವನೊಬ್ಬ ಮೋಟಾರು ದೋಣಿಯನ್ನು ಹತ್ತಿರ ತಂದ. "ಹಗ್ಗ ಎಸೀಲಾ ಅಮ್ಮ? ದಡಕ್ಕೆ ಎಳ್ಕೊಂಡು ಹೋಗ್ತೀನಿ."

"ಬೇಡಪ್ಪ."

"ಉಬ್ಬರ ಶುರುವಾಗಿದೆ, ನೀರು ದಡದ ಕಡೆ ಎಳೀತಿದೆ. ಹೇಗೂ ಅಲ್ಲಿಗೇ ಹೋಗ್ತೀರ."

"ನಾನು ಹೋಗ್ತಿಲ್ಲ. ನೀರು ಹೋಗ್ತಿದೆ."

ಅವನು ತಲೆ ಕೆರೆದುಕೊಂಡು ಹೊರಟುಹೋದ.

ಲಂಗರು ಇಳಿಸಬಹುದಿತ್ತು. ಆದರೆ ನಿಲ್ಲುವುದಕ್ಕೆಂದು ಅವಳು ಹೊರಟಿರಲಿಲ್ಲ. ಎರಡೂ ಕೈಗಳಲ್ಲಿ ಚುಕ್ಕಾಣಿ ಹಿಡಿದು, ದೋಣಿಯ ಮೂತಿ ಕಡಲಿನತ್ತಲೇ ಇದೆಯೆಂದು ಖಾತ್ರಿ ಮಾಡಿಕೊಂಡಳು. ಇತ್ತು. ದೋಣಿ ಹಿಂದು ಹಿಂದಕ್ಕೆ ತೇಲಿದಂತೆ ಬೆನ್ನ ಹಿಂದೆ ಅಡ್ಡಗೋಡೆಯ ಕಲ್ಲಿಗೆ ನೀರು ಬಡಿಯುವ ಸದ್ದು ಕೇಳಿಸತೊಡಗಿತು. ಆಮೇಲೆ ದಕ್ಕೆಯ ಮೇಲಿನ ಮಾತು, ಮೊದಲು ಬರೀ ಗುಜುಗುಜು, ಆಮೇಲೆ ಒಂದೊಂದೇ ಪದ ಬಿಡಿಬಿಡಿಯಾಗಿ.

ಅವಳು ತಿರುಗಿ ನೋಡಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಬೆನ್ನು ನೆಟ್ಟಗೆ ಮಾಡಿ, ದೂರ ಸರಿಯುತ್ತಿದ್ದ ಕಡಲಿನತ್ತ ದೋಣಿಯನ್ನು ನಡೆಸುತ್ತಲೇ ಇದ್ದಳು.